ಹೊಸ ಉಪಾಧ್ಯಾಯರೂ ಹೊಸ ಉಪಕರಣಗಳೂ

ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲವು ಬಂದಿತೆಂದರೆ ನಮ್ಮ ಗೃಹಸ್ಥರು ಶಾಲೆಯ ಬಾಗಿಲಲ್ಲಿ ನಿಂತು ವಿಚಾರಿಸತಕ್ಕ ಸಂಗತಿಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿವೆ. ಹಿಂದೆ, ಉಪಾಧ್ಯಾಯರು ಎಂಥವರು, ಲೆಕ್ಕವನ್ನು ಮನಸ್ಸಿಗೆ ಹತ್ತುವಂತೆ ಹೇಳಿಕೊಡುವರೆ, ಕೈಬರಹವನ್ನು ತಿದ್ದಿಸುವರೆ ಎಂದು ಕೇಳುತ್ತಿದ್ದರು. ಈಗ, ತರಗತಿಯಲ್ಲಿ ಸ್ಮಾರ್ಟ್ ಬೋರ್ಡು ಉಂಟೆ, ಪ್ರೊಜೆಕ್ಟರ್ ಉಂಟೆ, ಕಂಪ್ಯೂಟರುಗಳು ಎಷ್ಟು ಎಂದು ಕೇಳುವರು. ಹೀಗೆ ಕೇಳುವುದು ತಪ್ಪೆಂದು ನಾವು ಹೇಳಲಾರೆವು. ಲೋಕವೆಲ್ಲ ಯಂತ್ರದ ಮೇಲೆ ನಡೆಯುತ್ತಿರುವಾಗ ಶಾಲೆಯೊಂದೇ ಅದಕ್ಕೆ ಬೆನ್ನು ತಿರುಗಿಸಿ ಕುಳಿತಿರಬೇಕೆಂಬುದು ನ್ಯಾಯವಲ್ಲ. ಆದರೆ ಆ ಯಂತ್ರದ ಪಕ್ಕದಲ್ಲಿ ನಿಲ್ಲತಕ್ಕವರು ಯಾರು, ಅವರು ಅದರ ಉಪಯೋಗವನ್ನು ಎಲ್ಲಿ, ಯಾರಿಂದ, ಹೇಗೆ ಕಲಿತರು ಎಂದು ಕೇಳಿದ ತಂದೆತಾಯಿಗಳನ್ನು ನಾವು ಕಂಡುದು ಬಹಳ ಅಪೂರ್ವ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಆ ಕೇಳದ ಪ್ರಶ್ನೆಯನ್ನು ಕುರಿತೇ ಆಗಿದೆ.

ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಲು ಬಯಸುವ ತರುಣ ತರುಣಿಯರು ಪಿ.ಯು.ಸಿ. ಮುಗಿಸಿ ಎರಡು ವರ್ಷಗಳ ಡಿ.ಎಲ್.ಇಡಿ. ವ್ಯಾಸಂಗವನ್ನು ಮಾಡುವರು. ನಮ್ಮ ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ. ಜನರು ಅದನ್ನು ಸಂಕ್ಷೇಪವಾಗಿ ಡಯಟ್ ಎನ್ನುವರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಹುಟ್ಟಿಕೊಂಡ ಸಂಸ್ಥೆಗಳ ಪೈಕಿ ಇದೂ ಒಂದು. ಉಪಾಧ್ಯಾಯರನ್ನು ಸಿದ್ಧಪಡಿಸುವ ಇಂತಹ ವ್ಯಾಸಂಗಗಳ ಪಠ್ಯದಲ್ಲಿ ಈಗ ಮಕ್ಕಳ ಮನಶ್ಶಾಸ್ತ್ರ, ಗಣಿತಬೋಧನೆ, ಭಾಷಾಬೋಧನೆಗಳ ಜೊತೆಯಲ್ಲಿ ಗಣಕಯಂತ್ರ, ಅಂತರ್ಜಾಲ ಮೊದಲಾದುವುಗಳ ಪಾಠವೂ ಸೇರಿದೆ. ಸೇರಿದುದು ಯುಕ್ತವೇ. ಸೇರಿದ ಬಗೆ ಹೇಗಿರಬೇಕೆಂಬುದೇ ವಿಚಾರಾರ್ಹವಾದ ಸಂಗತಿ.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳೋಣ. ಶಾಲೆಗೆ ಉಪಕರಣಗಳು ಬಂದುದು ನಿನ್ನೆ ಮೊನ್ನೆಯಲ್ಲ. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿಸಿದುದೂ, ಓಲೆಗರಿಯ ಮೇಲೆ ಕಂಟದಿಂದ ಬರೆಯಿಸಿದುದೂ ಆ ಕಾಲದ ತಂತ್ರವೇ. 1658ರಲ್ಲಿ ಕೊಮೇನಿಯಸ್ ಎಂಬ ಪಂಡಿತನು ಮಕ್ಕಳಿಗಾಗಿ ಚಿತ್ರಗಳಿಂದ ತುಂಬಿದ ಪಠ್ಯಪುಸ್ತಕವೊಂದನ್ನು ಯೂರೋಪಿನಲ್ಲಿ ಪ್ರಕಟಿಸಿದನು. ಕಣ್ಣಿನಿಂದ ಕಾಣದೆ ಬಾಯಿಂದ ಉರುಹಚ್ಚಿದುದು ವಿದ್ಯೆಯಲ್ಲವೆಂಬುದು ಅವನ ಅಭಿಪ್ರಾಯ. ನಮ್ಮ ಊರಿನ ಮಾತನ್ನೇ ಎತ್ತಿಕೊಳ್ಳುವುದಾದರೆ, 1834ರಲ್ಲಿ ಇಲ್ಲಿಗೆ ಬಂದಿಳಿದ ಬಾಸೆಲ್ ಮಿಶನಿನವರು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಮೋಗ್ಲಿಂಗರು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದುದೂ, ಕಿಟ್ಟೆಲರ ಮಹಾಕೋಶವು 1894ರಲ್ಲಿ ಅಚ್ಚಾಗಿ ಬಂದುದೂ ಈ ನಗರದಲ್ಲಿಯೇ. ಅಚ್ಚಿನ ಪುಸ್ತಕವು ಕೈಗೆ ಬಂದಾಗ ಓಲೆಯ ಕಾಲದ ಉಪಾಧ್ಯಾಯರ ಮುಂದೆಯೂ ಇಂದಿನ ಉಪಾಧ್ಯಾಯರ ಮುಂದಿರುವ ಪ್ರಶ್ನೆಯೇ ನಿಂತಿದ್ದಿರಬೇಕು: ಪುಸ್ತಕವೇ ಎಲ್ಲವನ್ನೂ ಹೇಳುವುದಾದರೆ ನನ್ನ ಕೆಲಸವೇನು?

ಈ ಪ್ರಶ್ನೆಗೆ ಅವಸರದ ಉತ್ತರವನ್ನು ಕೊಟ್ಟವರೂ ಇದ್ದಾರೆ. ಚಲಚ್ಚಿತ್ರಯಂತ್ರವನ್ನು ಬೆಳೆಯಿಸಿದ ಎಡಿಸನ್ ಮಹಾಶಯನು, ಶಾಲೆಗಳಲ್ಲಿ ಇನ್ನು ಕೆಲವೇ ವರ್ಷಗಳಲ್ಲಿ ಪುಸ್ತಕಕ್ಕೆ ಸ್ಥಾನವಿರಲಾರದೆಂದೂ, ಎಲ್ಲವನ್ನೂ ಚಲಚ್ಚಿತ್ರದಿಂದಲೇ ಕಲಿಸಬಹುದೆಂದೂ 1913ರಲ್ಲಿ ಭವಿಷ್ಯ ನುಡಿದನು. ಶತಮಾನವೊಂದು ಕಳೆದು ಹೋಯಿತು. ಪುಸ್ತಕವು ಇಂದಿಗೂ ಮಕ್ಕಳ ಚೀಲದಲ್ಲಿಯೇ ಇದೆ, ಭಾರವಾಗಿಯೂ ಇದೆ.

ನಮ್ಮ ದೇಶದ ಅನುಭವವೂ ಬೋಧಪ್ರದವಾದುದು. 1975ರ ಆಗಸ್ಟಿನಿಂದ 1976ರ ಜುಲಾಯಿವರೆಗೆ ಸೈಟ್ ಎಂಬ ಹೆಸರಿನ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದ ಉತ್ತರಭಾಗದ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ನಮ್ಮ ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರವು 1976ರಲ್ಲಿ ಆರಂಭವಾಯಿತು. 'ಕೇಳಿ-ಕಲಿ' ಎಂಬ ಬಾನುಲಿ ಪಾಠಗಳನ್ನು ನಾಡಿನ ಪ್ರಾಥಮಿಕ ಶಾಲೆಯ ಮಕ್ಕಳು ಮುಂದೆ ರೇಡಿಯೋದ ಸುತ್ತ ಕುಳಿತು ಕೇಳಿದರು. 2004ರಲ್ಲಿ ಎಜುಸ್ಯಾಟ್ ಎಂಬ ಶಿಕ್ಷಣೋಪಗ್ರಹವು ಆಕಾಶಕ್ಕೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗವಾಯಿತು. 2017ರ ಸೆಪ್ಟೆಂಬರಿನಲ್ಲಿ ದೀಕ್ಷಾ ಎಂಬ ಅಂತರ್ಜಾಲ ಭಂಡಾರವು ತೆರೆಯಿತು. ಇಂದು ನಮ್ಮ ಮಕ್ಕಳ ಪಠ್ಯಪುಸ್ತಕಗಳ ಅಂಚಿನಲ್ಲಿ ಕಾಣುವ ಕ್ಯೂ.ಆರ್. ಎಂಬ ಕಪ್ಪು ಚುಕ್ಕಿಗಳ ಚೌಕಕ್ಕೆ ಮೊಬೈಲನ್ನು ಹಿಡಿದರೆ ಆ ಭಂಡಾರದ ಪಾಠವು ತೆರೆದುಕೊಳ್ಳುವುದು. ಇವೆಲ್ಲ ಸಣ್ಣ ಸಾಧನೆಗಳಲ್ಲ. ಆದರೆ ಹಲವು ಸಲ ಯಂತ್ರವು ಮೊದಲು ಬಂದಿತು, ಉಪಾಧ್ಯಾಯರನ್ನು ಅನಂತರ ಕರೆಯಲಾಯಿತು. ಮದುವೆಯ ಚಪ್ಪರವನ್ನು ಹಾಕಿಸಿ, ಅಡುಗೆ ಮಾಡಿಸಿ, ಕೊನೆಗೆ ವರನನ್ನು ಹುಡುಕ ಹೊರಟಂತೆ ಇದು.

ಇನ್ನು, ಕಲಿಸುವವನಲ್ಲಿ ಏನಿರಬೇಕು? ಸಂಸ್ಕೃತವನ್ನು ಓದಿದವರಾದ ನಮಗೆ ಇಲ್ಲಿ ಕಾಳಿದಾಸನ 'ಮಾಳವಿಕಾಗ್ನಿಮಿತ್ರ'ದ ಮೊದಲನೆಯ ಅಂಕವು ನೆನಪಿಗೆ ಬರುವುದು. ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಮೇಲೆಂಬ ಜಗಳ. ಅಲ್ಲಿ ಬರುವ ವಿಚಾರದ ತಾತ್ಪರ್ಯವಿಷ್ಟು: ಕೆಲವರಲ್ಲಿ ವಿದ್ಯೆಯು ತುಂಬಿರುತ್ತದೆ, ಕೆಲವರಲ್ಲಿ ಅದನ್ನು ಮತ್ತೊಬ್ಬರಿಗೆ ದಾಟಿಸುವ ಶಕ್ತಿಯಿರುತ್ತದೆ; ಎರಡೂ ಯಾರಲ್ಲಿ ಕೂಡಿರುವುವೋ ಅವನೇ ಶಿಕ್ಷಕರಲ್ಲಿ ಮುಂದೆ ನಿಲ್ಲತಕ್ಕವನು. ಅಮೇರಿಕದ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ಪುಣ್ಯ ಮಿಶ್ರಾ, ಮ್ಯಾಥ್ಯೂ ಕೋಲರ್ ಎಂಬ ವಿದ್ವಾಂಸರು 2006ರಲ್ಲಿ ಈ ಎರಡಕ್ಕೆ ಮೂರನೆಯದೊಂದನ್ನು ಕೂಡಿಸಿದರು. ವಿಷಯದ ಜ್ಞಾನ, ಬೋಧನೆಯ ಜ್ಞಾನ, ಉಪಕರಣದ ಜ್ಞಾನ, ಇವು ಮೂರೂ ಬೇರೆ ಬೇರೆಯಾಗಿದ್ದರೆ ಸಾಲದು. ಮೂರು ವೃತ್ತಗಳು ಒಂದರ ಮೇಲೊಂದು ಬಂದು ಕೂಡುವ ನಡುಭಾಗದಲ್ಲಿ ಉಪಾಧ್ಯಾಯನು ನಿಲ್ಲಬೇಕೆಂಬುದು ಅವರ ಸಿದ್ಧಾಂತ. ಟಿಪ್ಯಾಕ್ ಎಂಬ ಹೆಸರಿನಿಂದ ಅದು ಲೋಕದಲ್ಲೆಲ್ಲ ಪ್ರಚಾರಕ್ಕೆ ಬಂದಿದೆ. ಕಂಪ್ಯೂಟರನ್ನು ಬಲ್ಲವನು, ಗಣಿತವನ್ನೂ ಬಲ್ಲವನು, ಭಿನ್ನರಾಶಿಯನ್ನು ಕಂಪ್ಯೂಟರಿನಿಂದ ನಾಲ್ಕನೆಯ ತರಗತಿಯ ಮಗುವಿಗೆ ಕಲಿಸಬಲ್ಲನೆಂದು ಹೇಳಲು ಬಾರದು. ಅದು ಬೇರೆಯೇ ಒಂದು ವಿದ್ಯೆ. ಅದನ್ನು ಪಾಠದ ಒಳಗೇ ಕಲಿಯಬೇಕು.

ಮಾತಿಗಿಂತ ದೃಷ್ಟಾಂತವು ಮೇಲು. ನಗರದ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠಾಭ್ಯಾಸಕ್ಕೆಂದು ಬಂದಿದ್ದ ಓರ್ವ ಪ್ರಶಿಕ್ಷಣಾರ್ಥಿನಿಯ ಎರಡು ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಸಂದರ್ಭವು ನಮಗೆ ಒದಗಿತ್ತು. ಆಕೆಯು ಘಟ್ಟದ ಬುಡದ ಹಳ್ಳಿಯವಳು, ಇಪ್ಪತ್ತರ ವಯಸ್ಸು, ಮಕ್ಕಳಲ್ಲಿ ನಿಜವಾದ ಪ್ರೀತಿಯುಳ್ಳವಳು. ಮೊದಲನೆಯ ಪಾಠವು ನಾಲ್ಕನೆಯ ತರಗತಿಗೆ, ಜಲಚಕ್ರದ ಮೇಲೆ. ಪ್ರೊಜೆಕ್ಟರನ್ನು ಹೂಡಿ ಕಿಟಕಿಗಳನ್ನು ಮುಚ್ಚಿಸಿ ಹನ್ನೆರಡು ನಿಮಿಷಗಳ ಒಂದು ಚಿತ್ರವನ್ನು ತೋರಿಸಿದಳು. ಹಿಮದ ಗಿರಿಗಳು, ನೀಲಿಯ ಸರೋವರ, ದೇವದಾರು ಮರಗಳು. ಬಹು ಸೊಗಸಾದ ಚಿತ್ರ. ಅದು ಆಷಾಢದ ಮಧ್ಯಾಹ್ನ. ಹೊರಗೆ ಹಂಚಿನ ಮಾಡಿನ ಮೇಲೆ ಮಳೆಯು ಎಷ್ಟು ಬಿರುಸಾಗಿ ಹೊಯ್ಯುತ್ತಿತ್ತೆಂದರೆ ಚಿತ್ರದ ಮಾತು ಕೇಳಿಸುತ್ತಿರಲಿಲ್ಲ. ಜಲಚಕ್ರವು ಮಾಡಿನಿಂದ ಧಾರೆಯಾಗಿ ಅಂಗಳಕ್ಕೆ ಸುರಿಯುತ್ತಿದ್ದಾಗ ನಲುವತ್ತು ಕಣ್ಣುಗಳು ಹಿಮಗಿರಿಯನ್ನು ನೋಡುತ್ತಿದ್ದುವು. ಕೊನೆಯಲ್ಲಿ, "ನದಿಯ ನೀರು ಎಲ್ಲಿಂದ ಬರುತ್ತದೆ, ಮಕ್ಕಳೇ?" ಎಂದು ಕೇಳಲು, "ಐಸಿನಿಂದ, ಟೀಚರ್" ಎಂದು ನಾಲ್ಕಾರು ಮಂದಿ ಒಟ್ಟಿಗೆ ಕೂಗಿದರು.

ಪಾಠವು ಮುಗಿದ ಮೇಲೆ ಆಕೆಯು ನಮ್ಮ ಬಳಿಗೆ ಬಂದು, "ಮಕ್ಕಳು ಎಷ್ಟು ಶಾಂತವಾಗಿ ಕುಳಿತಿದ್ದರು, ನೋಡಿದಿರಾ ಸರ್?" ಎಂದಳು. "ಶಾಂತವಾಗಿದ್ದರಮ್ಮಾ. ಆದರೆ ಏನು ಕಲಿತರು?" ಎಂದು ನಾವು ಕೇಳಿದೆವು. ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಠಯೋಜನೆಯ ಪುಸ್ತಕದಲ್ಲಿ ತಂತ್ರಜ್ಞಾನದ ಬಳಕೆ ಎಂದು ಒಂದು ಅಂಕಣವುಂಟು ಸರ್. ಅದು ಖಾಲಿಯಿದ್ದರೆ ಅಂಕ ಹೋಗುತ್ತದೆ" ಎಂದಳು. ಈ ಮಾತಿನಲ್ಲಿ ಕಪಟವಿರಲಿಲ್ಲ. ಆಕೆಯ ಮುಂದೆ ಎರಡು ಬಗೆಯ ಪ್ರೇಕ್ಷಕರಿದ್ದರು: ಎದುರಿಗೆ ಮಕ್ಕಳು, ಹಿಂದಿನ ಬೆಂಚಿನಲ್ಲಿ ಪರೀಕ್ಷಕರು. ಯಂತ್ರವು ಹೊತ್ತಿದುದು ಪರೀಕ್ಷಕರಿಗಾಗಿ. ಬಡ ಹೆಣ್ಣುಮಗಳೊಬ್ಬಳ ಜೀವನೋಪಾಯವು ಆ ಅಂಕಗಳ ಮೇಲೆ ನಿಂತಿರುವಾಗ ಆಕೆಯನ್ನು ದೂರುವುದು ಸರಿಯಲ್ಲ. ಅಂಕಣವನ್ನು ಹಾಗೆ ಗೆರೆ ಎಳೆದವರೇ ಅದನ್ನು ತಿದ್ದಬೇಕು.

ಎರಡನೆಯ ಪಾಠವು ಹತ್ತು ದಿನಗಳ ತರುವಾಯ. ವಿಷಯವು ಅದೇ ನೀರು. ಈ ಸಲ ಯಂತ್ರವು ಮೂಲೆಯಲ್ಲಿ ಮುಚ್ಚಿಕೊಂಡಿತ್ತು. ಆಕೆಯು ಕೈಯಲ್ಲಿ ಒಂದು ಲೋಟ ನೀರನ್ನು ಹಿಡಿದುಕೊಂಡು ಬಂದು, "ಇದು ನಮ್ಮ ಶಾಲೆಯ ನಳ್ಳಿಯ ನೀರು. ನಳ್ಳಿಗೆ ಎಲ್ಲಿಂದ ಬಂತು?" ಎಂದು ಕೇಳಿದಳು. ಟ್ಯಾಂಕಿಯಿಂದ ಎಂದಳು ಒಬ್ಬಳು. ಟ್ಯಾಂಕಿಗೆ ಎಲ್ಲಿಂದ? ಪೈಪಿನಿಂದ. ಪೈಪಿಗೆ? ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಕೊನೆಗೆ ಒಬ್ಬ ಹುಡುಗನು, "ತುಂಬೆಯಿಂದ, ಟೀಚರ್, ನನ್ನ ಅಪ್ಪ ಹೇಳಿದ್ದಾರೆ" ಎಂದನು. ತುಂಬೆಯಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದಲೇ ನಮ್ಮ ನಗರಕ್ಕೆ ಕುಡಿಯುವ ನೀರು ಬರುವುದೆಂಬುದು ವಾಚಕರಿಗೆ ತಿಳಿದಿರಬಹುದು. ಪ್ರಶ್ನೆಯು ಹೀಗೆ ಹಸಿವಿನಂತೆ ಹುಟ್ಟಿದ ಮೇಲೆ ಯಂತ್ರವು ಹೊತ್ತಿತು. ತೆರೆಯ ಮೇಲೆ ಉಪಗ್ರಹವು ಮೇಲಿನಿಂದ ತೆಗೆದ ಭೂಚಿತ್ರ. ಅದರಲ್ಲಿ ಮೊದಲು ತಮ್ಮ ಶಾಲೆಯ ಮಾಡನ್ನು ಮಕ್ಕಳೇ ಹುಡುಕಿ ಹಿಡಿದರು. ಆಗಿನ ಗದ್ದಲವನ್ನು ಏನೆಂದು ಹೇಳೋಣ! ಅಲ್ಲಿಂದ ನದಿಗೆ, ನದಿಯಗುಂಟ ಮೇಲಕ್ಕೆ ತುಂಬೆಗೆ, ಅಲ್ಲಿಂದ ಬಂಟವಾಳಕ್ಕೆ. ಉಪ್ಪಿನಂಗಡಿಯನ್ನು ತಲಪುವಷ್ಟರಲ್ಲಿ ಕರೆಂಟು ಹೋಯಿತು.

ಇಲ್ಲಿಯೇ ನಮಗೆ ಆಕೆಯ ಮೇಲೆ ಗೌರವವು ಹೆಚ್ಚಿದುದು. ಆಕೆಯು ತೆರೆಯ ಮುಂದೆ ಕೈಕಟ್ಟಿ ನಿಲ್ಲಲಿಲ್ಲ. ಸೀಮೆಸುಣ್ಣವನ್ನು ಎತ್ತಿಕೊಂಡು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ಬಂದು ಕೂಡುವುದನ್ನೂ, ಮೂಲವು ಕುದುರೆಮುಖದ ಕಡೆಯ ಘಟ್ಟದಲ್ಲಿರುವುದನ್ನೂ ಕರಿಹಲಗೆಯ ಮೇಲೆ ಎಳೆದು ತೋರಿಸಿದಳು. ಆ ಕಾಡುಗಳಲ್ಲಿ ಮಳೆಯು ಹೇಗೆ ಬೀಳುವುದೆಂಬುದನ್ನು ತಾನು ಕಂಡಂತೆ ವರ್ಣಿಸಿದಳು; ಅದು ಆಕೆಯ ಊರಿನ ಮಳೆಯಷ್ಟೆ. ಹತ್ತು ನಿಮಿಷಗಳಲ್ಲಿ ಕರೆಂಟು ಮರಳಿ ಬಂದಿತು. ಈಗ ನದಿಯನ್ನು ಹಿಡಿದು ಕೆಳಕ್ಕೆ, ಸಮುದ್ರದ ಕಡೆಗೆ. ಉತ್ತರದಿಂದ ಫಲ್ಗುಣಿ, ಮೂಡಲಿನಿಂದ ನೇತ್ರಾವತಿ, ಎರಡೂ ಕೂಡಿ ಕಡಲಿಗೆ ಸೇರುವ ಅಳಿವೆಬಾಗಿಲು. ಪಕ್ಕದಲ್ಲಿ ಬೆರಳಿನಂತೆ ನೀಳವಾದ ಬೆಂಗ್ರೆಯ ಮರಳುನೆಲ. ಅದುವರೆಗೆ ಬಾಯಿ ತೆರೆಯದೆ ಕುಳಿತಿದ್ದ ಒಬ್ಬ ಹುಡುಗನು ಎದ್ದು ನಿಂತನು. ಅವನ ಮನೆಯು ಬೆಂಗ್ರೆಯಲ್ಲಿ. ಮಳೆಗಾಲದಲ್ಲಿ ಅಳಿವೆಯ ನೀರು ಕೆಂಪಾಗುವುದನ್ನೂ, ಕೆಂಪು ನೀರು ಕಡಲೊಳಗೆ ಬಹುದೂರ ಗೆರೆಯಾಗಿ ಕಾಣುವುದನ್ನೂ ಅವನು ಬ್ಯಾರಿಮಾತಿನಲ್ಲಿಯೂ ಅರ್ಧ ಕನ್ನಡದಲ್ಲಿಯೂ ಹೇಳಿದನು. "ಕನ್ನಡದಲ್ಲಿ ಹೇಳು" ಎಂದು ಆಕೆಯು ಗದರಿಸಲಿಲ್ಲ. ಅವನು ಹೇಳಿದುದನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆದು, ಅದರ ಕೆಳಗೆ ಅವನ ಹೆಸರನ್ನೂ ಬರೆದಳು. ನಲುವತ್ತು ನಿಮಿಷಗಳ ಪಾಠದಲ್ಲಿ ಯಂತ್ರವು ಹೊತ್ತಿದುದು ಹದಿನೈದು ನಿಮಿಷಗಳಿಗೆ ಮಿಕ್ಕಿರಲಾರದು. ಆದರೆ ಆ ಹದಿನೈದು ನಿಮಿಷಗಳಲ್ಲಿ ಕರಿಹಲಗೆಯಿಂದ ಆಗದ ಕೆಲಸವಾಯಿತು; ಮಕ್ಕಳು ತಮ್ಮ ಊರನ್ನು ಹಕ್ಕಿಯ ಕಣ್ಣಿನಿಂದ ಕಂಡರು.

ಈ ಎರಡು ಪಾಠಗಳ ಅಂತರವೇ ಈ ವಿದ್ಯೆಯ ಸಾರ. ಸಂಸ್ಕೃತದಲ್ಲಿ ಯಂತ್ರವೆಂಬ ಮಾತಿಗೆ ಹಿಡಿತದಲ್ಲಿಡುವುದೆಂಬ ಅರ್ಥದ ಧಾತುವು ಮೂಲ. ತಂತ್ರವೆಂಬ ಮಾತಿಗೆ ಹರಡುವುದು, ಎಳೆದು ಹಾಸುವುದು ಎಂಬರ್ಥದ ಧಾತುವು ಮೂಲ. ಮಗ್ಗದಲ್ಲಿ ಹಾಸಿದ ಉದ್ದನೆಯ ನೂಲಿಗೆ ಹಿಂದೆ ತಂತ್ರವೆಂದೇ ಹೆಸರು. ಬಾಸೆಲ್ ಮಿಶನಿನವರ ನೇಯ್ಗೆಯ ಕಾರ್ಖಾನೆಯನ್ನು ಕಂಡಿದ್ದ ಈ ನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹಾಸು ಮಾತ್ರವಿದ್ದರೆ ಬಟ್ಟೆಯಾಗದು, ಹೊಕ್ಕು ಬೇಕು. ಉಪಾಧ್ಯಾಯರು ಹಾಸನ್ನು ಹೂಡಬಹುದು. ಹೊಕ್ಕಿನ ನೂಲು ಮಗುವಿನ ಕೈಯಿಂದಲೇ ಬರಬೇಕು. ಮಗುವು ಕೈಕಟ್ಟಿ ನೋಡುತ್ತಿರುವಷ್ಟು ಹೊತ್ತು ಎಂತಹ ತಂತ್ರಜ್ಞಾನವಾದರೂ ಬರಿಯ ಹಾಸೇ.

ಹೀಗಿರುವಲ್ಲಿ ಪ್ರಶಿಕ್ಷಣಾರ್ಥಿಗಳು ಯಂತ್ರವನ್ನು ಹೊತ್ತಿಸುವ ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳತಕ್ಕ ಮೂರು ಪ್ರಶ್ನೆಗಳುಂಟೆಂದು ನಮಗೆ ತೋರುವುದು. ಮೊದಲನೆಯದು, ನಾನು ತೋರಿಸುವುದನ್ನು ಮಗುವು ತನ್ನ ಕಣ್ಣಿನಿಂದ, ಕೈಯಿಂದ ಅರಿಯಲು ಸಾಧ್ಯವಿದೆಯೆ? ಸಾಧ್ಯವಿದ್ದರೆ ಚಿತ್ರವೇಕೆ? ಮಂಗಳೂರಿನ ಮಗುವಿಗೆ ಹಂಚಿನ ಪಾಠವನ್ನು ಮಾಡುವಾಗ ತಲೆಯ ಮೇಲಿರುವ ಹಂಚನ್ನೇ ಇಳಿಸಿ ಕೈಯಲ್ಲಿ ಕೊಡಬಹುದು; 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಆ ಉದ್ಯೋಗದ ಕಥೆಯನ್ನು ಆಮೇಲೆ ಹೇಳಬಹುದು. ಹೂವಿನ ಎಸಳನ್ನು ಎಣಿಸಲು ದಾಸವಾಳದ ಗಿಡವು ಅಂಗಳದಲ್ಲಿದೆ. ಆದರೆ ಎದೆಯೊಳಗೆ ಹೃದಯವು ಬಡಿಯುವ ಬಗೆ, ಬೀಜವು ಹತ್ತು ದಿನಗಳಲ್ಲಿ ಮೊಳೆಯುವುದನ್ನು ಅರ್ಧ ನಿಮಿಷದಲ್ಲಿ ಕಾಣುವ ಬಗೆ, ಆಕಾಶದಿಂದ ನೋಡಿದ ಭೂಮಿ, ಇವನ್ನು ಯಂತ್ರವು ತೋರಿಸುವಂತೆ ಮತ್ತೊಂದು ತೋರಿಸದು. ಎರಡನೆಯದು, ತೆರೆಯು ಬೆಳಗಿರುವಾಗ ಮಗುವು ಏನು ಮಾಡುತ್ತಿರುತ್ತದೆ? ಹುಡುಕುತ್ತದೆಯೆ, ಎಣಿಸುತ್ತದೆಯೆ, ಹೇಳುತ್ತದೆಯೆ, ಬರೆಯುತ್ತದೆಯೆ? ಮೂರನೆಯದು, ಕರೆಂಟು ಹೋದರೆ ಪಾಠವೂ ಹೋಗುವುದೊ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಸಿಡಿಲಿಗೂ ಉಪ್ಪುಗಾಳಿಗೂ ಯಂತ್ರಗಳು ಬಲಿಯಾಗುವ ನಮ್ಮ ಕರಾವಳಿಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಯಂತ್ರವಿಲ್ಲದ ತಂತ್ರವೂ ಉಂಟೆಂಬುದಕ್ಕೆ ನಮ್ಮ ನಾಡಿನ ನಲಿ-ಕಲಿಯೇ ಸಾಕ್ಷಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ರಟ್ಟಿನ ಕಾರ್ಡುಗಳಿಂದಲೂ ಗೋಡೆಯ ಮೇಲಿನ ಕಲಿಕಾ ಏಣಿಯಿಂದಲೂ ಹೊಸ ಪದ್ಧತಿಯೊಂದನ್ನು ಕಟ್ಟಿದರು. ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಏಣಿಯನ್ನು ಏರುತ್ತ ಹೋಗುವುದು ಅದರ ಮರ್ಮ. 2009ರ ತರುವಾಯ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹರಡಿತು. ಅದಕ್ಕೆ ಒಂದು ತೊಟ್ಟು ವಿದ್ಯುತ್ತೂ ಬೇಕಾಗಿರಲಿಲ್ಲ. ಬೇಕಾಗಿದ್ದುದು, ಉಪಕರಣವನ್ನು ತಾವೇ ತಯಾರಿಸಬಲ್ಲೆವೆಂಬ ಉಪಾಧ್ಯಾಯರ ಧೈರ್ಯ. ಅದೇ ಧೈರ್ಯವನ್ನು ಹೊಸ ಉಪಕರಣಗಳ ವಿಷಯದಲ್ಲಿಯೂ ಬೆಳೆಯಿಸಬೇಕು. ಪರರು ಮಾಡಿಟ್ಟ ಚಿತ್ರವನ್ನು ತೋರಿಸುವ ಉಪಾಧ್ಯಾಯಿನಿಗಿಂತ, ತನ್ನ ತರಗತಿಯ ಮಕ್ಕಳ ಓದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಅವರಿಗೇ ಕೇಳಿಸಿ, ಎಲ್ಲಿ ತಡವರಿಸಿದೆ ಎಂದು ಅವರೇ ಕಂಡುಹಿಡಿಯುವಂತೆ ಮಾಡುವ ಉಪಾಧ್ಯಾಯಿನಿಯು ಮೇಲು. ಅದಕ್ಕೆ ಬೇಕಾದ ಯಂತ್ರವು ಆಕೆಯ ಕೈಚೀಲದಲ್ಲಿಯೇ ಇದೆ.

ಕನ್ನಡದಲ್ಲಿ ಬರೆಯುವ ಸಂಗತಿಯನ್ನೂ ಇಲ್ಲಿ ಹೇಳಬೇಕು. ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಕನ್ನಡವನ್ನು ಬರೆಯುವರು. ಕನ್ನಡ ಕೀಲಿಮಣೆಯೆಂದರೆ ಹೆದರುವರು. ಹೆದರಲು ಕಾರಣವಿಲ್ಲ. ನಮ್ಮ ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಕನ್ನಡದ ಧ್ವನಿಕ್ರಮವನ್ನೇ ಅನುಸರಿಸಿ ಕೀಲಿಮಣೆಯ ವಿನ್ಯಾಸವೊಂದನ್ನು ರಚಿಸಿದರು. ವ್ಯಂಜನಕ್ಕೆ ಸ್ವರವನ್ನು ಕೂಡಿಸಿದಂತೆ ಕಾಗುಣಿತವು ತಾನಾಗಿ ಮೂಡುವ ಆ ಕ್ರಮವೇ ಮುಂದೆ ರಾಜ್ಯದಲ್ಲೆಲ್ಲ ಬಳಕೆಗೆ ಬಂದಿತು. ತಾವು ರಚಿಸಿದ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'; ನಮ್ಮ ಜಿಲ್ಲೆಯ ಮಹಾವೈಯಾಕರಣರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯದು. ಕಾಗುಣಿತವನ್ನು ಬಲ್ಲವರಿಗೆ ಈ ಕೀಲಿಮಣೆಯು ಒಂದು ವಾರದ ಅಭ್ಯಾಸ. ಮಕ್ಕಳ ಕಥೆಗಳನ್ನು ಮಕ್ಕಳ ಲಿಪಿಯಲ್ಲಿಯೇ ಅಚ್ಚು ಮಾಡಿ ಗೋಡೆಗೆ ಹಚ್ಚಿದರೆ ಅದಕ್ಕಿಂತ ಒಳ್ಳೆಯ ವಾಚನಪುಸ್ತಕವಿಲ್ಲ. ಮಕ್ಕಳಿಗೆಂದೇ ಬರೆದು, ಬಾಲಸಾಹಿತ್ಯ ಮಂಡಲವನ್ನು ಈ ನಗರದಲ್ಲಿ ಕಟ್ಟಿ, ಶಾಲಾ ಇನ್ಸ್‌ಪೆಕ್ಟರರಾಗಿಯೂ ದುಡಿದ ಪಂಜೆ ಮಂಗೇಶರಾಯರು ಇಂದು ಇದ್ದಿದ್ದರೆ ಈ ಸೌಕರ್ಯವನ್ನು ಎರಡು ಕೈಗಳಿಂದಲೂ ಬರಮಾಡಿಕೊಳ್ಳುತ್ತಿದ್ದರೆಂದು ನಮ್ಮ ನಂಬಿಕೆ.

ನೆರೆಯವರಿಂದಲೂ ಕಲಿಯತಕ್ಕುದುಂಟು. ತಲಪಾಡಿಯನ್ನು ದಾಟಿದರೆ ಕಾಸರಗೋಡು ಜಿಲ್ಲೆ. ಕೇರಳದವರು 2001ರಲ್ಲಿಯೇ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆಯನ್ನು ಹೂಡಿದರು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಯಾರೂ ಹಣ ತೆತ್ತು ಕೊಳ್ಳಬೇಕಿಲ್ಲದ ಮುಕ್ತ ತಂತ್ರಾಂಶಗಳನ್ನೇ ಅವರು ಶಾಲೆಗಳಿಗೆ ಆರಿಸಿಕೊಂಡರು. ಉಪಾಧ್ಯಾಯರಲ್ಲಿಯೇ ಕೆಲವರನ್ನು ಸಿದ್ಧಪಡಿಸಿ ಉಳಿದವರಿಗೆ ಕಲಿಸುವಂತೆ ಮಾಡಿದರು. ಉಪಾಧ್ಯಾಯನಿಗೆ ಉಪಾಧ್ಯಾಯನೇ ಕಲಿಸಿದರೆ ಅದು ಬೇಗ ಹತ್ತುವುದು. ಯಂತ್ರವನ್ನು ಮಾರುವವನು ಬಂದು ಕಲಿಸಿದರೆ ಗುಂಡಿಗಳ ಹೆಸರು ಮಾತ್ರ ತಿಳಿಯುವುದು.

ಈಗ ಹೊಸದೊಂದು ಬಂದಿದೆ. ಕೃತಕ ಬುದ್ಧಿಮತ್ತೆಯೆಂಬುದು ಕೇಳಿದೊಡನೆ ಪಾಠಯೋಜನೆಯನ್ನು ಬರೆದು ಕೊಡುವುದು. ಪ್ರಶಿಕ್ಷಣಾರ್ಥಿಗಳು ಅದನ್ನು ನಕಲು ಮಾಡಿ ಒಪ್ಪಿಸುವರೆಂದು ಅವರ ಅಧ್ಯಾಪಕರು ಕೊರಗುವುದನ್ನು ನಾವು ಕೇಳಿದ್ದೇವೆ. ಆ ಯಂತ್ರವು ಬರೆದ ಯೋಜನೆಯು ವ್ಯವಸ್ಥಿತವಾಗಿಯೇ ಇದ್ದೀತು; ಆದರೆ ಮೂರನೆಯ ಬೆಂಚಿನಲ್ಲಿ ಕುಳಿತ ಬೆಂಗ್ರೆಯ ಹುಡುಗನು ಯಾರೆಂಬುದು ಅದಕ್ಕೆ ತಿಳಿಯದು. ಅದನ್ನು ಕರಡಾಗಿ ಇಟ್ಟುಕೊಂಡು ತನ್ನ ತರಗತಿಗೆ ತಕ್ಕಂತೆ ತಿದ್ದಬಲ್ಲವರಿಗೆ ಅದು ಸೇವಕ, ತಿದ್ದಲಾರದವರಿಗೆ ಒಡೆಯ. ಯುನೆಸ್ಕೊ ಸಂಸ್ಥೆಯು 2023ರಲ್ಲಿ ಹೊರಡಿಸಿದ ಜಾಗತಿಕ ಶಿಕ್ಷಣ ವರದಿಯು ಕೇಳಿದ ಪ್ರಶ್ನೆಯೂ ಇದೇ: ಈ ಉಪಕರಣಗಳು ಯಾರ ಷರತ್ತಿನ ಮೇಲೆ ಶಾಲೆಗೆ ಬರುತ್ತಿವೆ?

ಗೃಹಸ್ಥರಿಗೂ ಇದರಲ್ಲಿ ಪಾಲುಂಟು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಬಂದುವು. 'ವಿದ್ಯಾಗಮ'ವೆಂಬ ಯೋಜನೆಯಲ್ಲಿ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಿ, ಜಗಲಿಗಳಲ್ಲಿಯೂ ಮರದ ನೆಳಲಿನಲ್ಲಿಯೂ ಕುಳ್ಳಿರಿಸಿ ಕಲಿಸಿದರು. ಯಂತ್ರವು ಎಲ್ಲ ಮನೆಗಳಿಗೂ ಸಮನಾಗಿ ಹೋಗಲಾರದೆಂಬುದು ಆಗ ಎಲ್ಲರ ಕಣ್ಣಿಗೂ ಬಿದ್ದಿತು. ದೇಶದ ಗ್ರಾಮಭಾಗಗಳನ್ನು ಕುರಿತ ಅಸರ್ ಸಮೀಕ್ಷೆಯಂತೆ, 2018ರಲ್ಲಿ ಶಾಲಾಮಕ್ಕಳ ಪೈಕಿ ಶೇಕಡಾ 36.5 ಮಂದಿಯ ಮನೆಗಳಲ್ಲಿದ್ದ ಸ್ಮಾರ್ಟ್‌ಫೋನು 2021ರ ಹೊತ್ತಿಗೆ ಶೇಕಡಾ 67.6ಕ್ಕೆ ಏರಿತು. ಆದರೆ ಹಾಗೆ ಫೋನಿದ್ದ ಮನೆಗಳಲ್ಲಿಯೂ ನಾಲ್ವರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಅದು ಕೈಗೆ ಸಿಕ್ಕುತ್ತಿರಲಿಲ್ಲ. ತಂದೆಯು ಕೆಲಸಕ್ಕೆ ಹೋಗುವಾಗ ಫೋನೂ ಹೋಗುವುದಷ್ಟೆ! ಆದುದರಿಂದ ಉಪಾಧ್ಯಾಯರು ಮನೆಪಾಠವನ್ನು ಮೊಬೈಲಿನಲ್ಲಿ ಮಾತ್ರ ಕಳುಹಿಸಿದರೆ ಬಡವರ ಮಗುವು ಹಿಂದುಳಿಯುವುದು. ತರಬೇತಿಯಲ್ಲಿ ಈ ಎಚ್ಚರವನ್ನೂ ಕಲಿಸಬೇಕು.

ಮತ್ತೊಂದು ಎಚ್ಚರ. ಪ್ರಶಿಕ್ಷಣಾರ್ಥಿಗಳು ತಮ್ಮ ದಾಖಲೆಗಾಗಿ ಮಕ್ಕಳ ಭಾವಚಿತ್ರಗಳನ್ನು ತೆಗೆಯುವರು. ಅವು ವಾಟ್ಸಾಪಿನಲ್ಲಿ ಹತ್ತು ಕಡೆ ಹರಿದಾಡುವುವು. 2023ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು ಹದಿನೆಂಟು ವರ್ಷಕ್ಕೆ ಕೆಳಗಿನವರ ವಿವರಗಳಿಗೆ ತಂದೆತಾಯಿಗಳ ಸಮ್ಮತಿ ಬೇಕೆನ್ನುವುದು. ಕಾನೂನು ಹೇಳದಿದ್ದರೂ ಮಗುವಿನ ಮಾನವು ಮಗುವಿನದೇ. ತಪ್ಪು ಓದಿದ ಮಗುವಿನ ಧ್ವನಿಯನ್ನು ಊರಿಗೆಲ್ಲ ಕೇಳಿಸುವ ಉಪಾಧ್ಯಾಯನು ಬೆತ್ತದಿಂದ ಹೊಡೆದವನಿಗಿಂತ ದಯಾಳುವೆಂದು ನಾವು ಎಣಿಸಲಾರೆವು.

ಕೊನೆಗೆ, ತರಬೇತಿಯನ್ನು ನಡೆಯಿಸುವವರಲ್ಲಿ ನಮ್ಮದೊಂದು ಬಿನ್ನಹ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ಹೊತ್ತಿಗೆ ನಾಲ್ಕು ವರ್ಷಗಳ ಸಮಗ್ರ ಬಿ.ಎಡ್. ಪದವಿಯನ್ನೇ ಉಪಾಧ್ಯಾಯರ ಕನಿಷ್ಠ ಅರ್ಹತೆಯಾಗಿ ಮಾಡಬೇಕೆಂದಿದೆ. ವರ್ಷಗಳು ಹೆಚ್ಚಾಗುವಾಗ ಅಂಕಣಗಳೂ ಹೆಚ್ಚಾಗದಿರಲಿ. ಉಪಕರಣವನ್ನು ಬಳಸಿದುದಕ್ಕೆ ಅಂಕವನ್ನು ಕೊಡದೆ, ಬಳಸಿದ ಕಾರಣಕ್ಕೂ, ಬಳಸದೆ ಬಿಟ್ಟ ವಿವೇಕಕ್ಕೂ ಅಂಕವನ್ನು ಕೊಡಿರಿ. ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಒಂದೇ ವಿಷಯವನ್ನು ಎರಡು ಸಲ, ಯಂತ್ರದೊಡನೆ ಒಮ್ಮೆ, ಯಂತ್ರವಿಲ್ಲದೆ ಒಮ್ಮೆ ಕಲಿಸಲಿ. ಆಮೇಲೆ ಮಕ್ಕಳನ್ನು ಕೇಳಿ ಎರಡರ ಫಲವನ್ನೂ ತಾನೇ ತೂಗಿ ಬರೆಯಲಿ. ಪೋಷಕರಾದವರು ಶಾಲೆಗೆ ಹೋದಾಗ ತೆರೆಯು ಎಷ್ಟು ದೊಡ್ಡದೆಂದು ಮಾತ್ರ ನೋಡದೆ, ಹೊಸದಾಗಿ ಬಂದ ಉಪಾಧ್ಯಾಯಿನಿಯನ್ನು ಕಂಡು, "ನೀವು ಇದರಿಂದ ನಮ್ಮ ಮಗುವಿಗೆ ಏನನ್ನು ಕಲಿಸುವಿರಿ, ಅಮ್ಮಾ?" ಎಂದು ವಿನಯದಿಂದ ಕೇಳಲಿ. ಆ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡಬಲ್ಲ ಉಪಾಧ್ಯಾಯರು ಇರುವ ಶಾಲೆಯಲ್ಲಿ ಯಂತ್ರವು ಒಂದೇ ಇದ್ದರೂ ಸಾಕು.